ಹಸಿವಿನ ಸೀಮೆಯಲ್ಲಿ ಬೊಜ್ಜಿನ ಮಾತು

ದೇವದುರ್ಗ ತಾಲ್ಲೂಕಿನ ಗಬ್ಬೂರಿನಂಥ ಊರಿನಲ್ಲಿ ಮಕ್ಕಳ ಬೊಜ್ಜಿನ ಮಾತೆತ್ತಿದರೆ ಕೇಳಿದವರು ಮುಖ ಮುಖ ನೋಡಿಕೊಳ್ಳುತ್ತಾರೆ. ಹಳೆಯ ಗುಡಿಗಳಿಗೆ, ಶಾಸನಗಳಿಗೆ ಹೆಸರಾದ ಊರಿದು. ಸುತ್ತಲಿನ ಸೀಮೆ ಮಾತ್ರ ಸುದ್ದಿಯಾದದ್ದು ಹಸಿವಿಗೆ. 2011ರಲ್ಲಿ ರಾಯಚೂರು ಜಿಲ್ಲೆಯ ಮಕ್ಕಳು ಅಪೌಷ್ಟಿಕತೆಯಿಂದ ಸಾಯುತ್ತಿದ್ದಾರೆ ಎಂಬ ವರದಿ ರಾಜ್ಯವನ್ನೇ ಅಲುಗಾಡಿಸಿತು. ವಿಷಯ ಹೈಕೋರ್ಟ್ ಮೆಟ್ಟಿಲೇರಿತು. ನ್ಯಾಯಮೂರ್ತಿ ಎನ್.ಕೆ. ಪಾಟೀಲ ಅವರ ಸಮಿತಿ 2012ರಲ್ಲಿ ಮಕ್ಕಳ ಅಪೌಷ್ಟಿಕತೆಯ ಬಗ್ಗೆ ವರದಿ ಕೊಟ್ಟಿತು. ಇಂಥ ಕಡೆ ಬೊಜ್ಜೆಂದರೆ ಬೆಂಗಳೂರಿನವರ ಕಾಯಿಲೆ ಎನಿಸುವುದು ಸಹಜವೇ.

ಆದರೆ ಈ ಕಾಯಿಲೆಗೆ ಹೆಚ್ಚು ಹೆದರಬೇಕಾದವರು ಈ ಸೀಮೆಯವರೇ. ಯಾಕೆಂದು ತಿಳಿಯಲು ಮೈಸೂರಿನ ಹೋಲ್ಡ್ಸ್‌ವರ್ತ್ ಆಸ್ಪತ್ರೆಯ ಹಳೆಯ ಹೆರಿಗೆ ದಾಖಲೆಗಳನ್ನು ನೋಡಬೇಕು. 1934ರಿಂದ 1954ರ ನಡುವೆ ಅಲ್ಲಿ ಹುಟ್ಟಿದ 517 ಮಂದಿಯನ್ನು ಸಂಶೋಧಕರು ಹುಡುಕಿ, ತಪಾಸಣೆ ಮಾಡಿ, 1996ರಲ್ಲಿ ಫಲಿತಾಂಶ ಪ್ರಕಟಿಸಿದರು. ಎರಡೂವರೆ ಕಿಲೋಗಿಂತ ಹೆಚ್ಚಿಲ್ಲದ ತೂಕದಲ್ಲಿ ಹುಟ್ಟಿದವರಲ್ಲಿ ಶೇ 11ರಷ್ಟು ಮಂದಿಗೆ ಹೃದ್ರೋಗವಿತ್ತು. ಮೂರು ಕಿಲೋ ದಾಟಿ ಮೈಕೈ ತುಂಬಿಕೊಂಡು ಹುಟ್ಟಿದವರಲ್ಲಿ ಅದು ಶೇ 3 ಮಾತ್ರ. ತಾಯಿಯ ಹೊಟ್ಟೆಯಲ್ಲೇ ಅರೆಹೊಟ್ಟೆ ಉಂಡ ದೇಹ ಸಿಕ್ಕಿದ್ದನ್ನು ಕೊಬ್ಬಾಗಿ ಕೂಡಿಡಲು ಕಲಿತಿರುತ್ತದೆ. ಕೈಕಾಲು ಸಣ್ಣ, ಹೊಟ್ಟೆಯ ಸುತ್ತ ಕೊಬ್ಬು. ಇದು ನಮ್ಮ ದೇಶದ ಮಕ್ಕಳ ಮೈಕಟ್ಟಿನ ಲಕ್ಷಣವೇ ಆಗಿದೆ. ಇಂಥ ಮಗುವಿನ ಕೈಗೆ ಸಕ್ಕರೆ, ಮೈದಾ, ಕರಿದ ಎಣ್ಣೆ ಅಗ್ಗವಾಗಿ ಸಿಕ್ಕರೆ ಸಕ್ಕರೆ ಕಾಯಿಲೆ, ಬಿಪಿ ಬಲುಬೇಗ ಬೆನ್ನು ಹತ್ತುತ್ತವೆ. ಗಬ್ಬೂರಿನಲ್ಲಿ ಬೊಜ್ಜು ತಡೆಯುವ ಕೆಲಸ ದಪ್ಪ ಮಗುವಿಗಿಂತ ಮೊದಲು ಸಣಕಲು ಮಗುವಿನಿಂದಲೇ ಶುರುವಾಗಬೇಕು.

ಅಗ್ಗದ ತಿನಿಸಂತೂ ಬಂದಾಗಿದೆ. ಶಾಲೆಯ ಗೇಟಿನೆದುರಿನ ಡಬ್ಬಿ ಅಂಗಡಿಗಳನ್ನು ನೋಡಿ. ಐದು ರೂಪಾಯಿಯ ಚಿಪ್ಸ್ ಪ್ಯಾಕೆಟ್‌ಗಳು ಸರ ಕಟ್ಟಿದಂತೆ ಮಕ್ಕಳ ಕಣ್ಣೆತ್ತರಕ್ಕೇ ತೂಗುತ್ತಿರುತ್ತವೆ. ಪಕ್ಕದಲ್ಲಿ ಬಣ್ಣದ ನೀರಿನ ಬಾಟಲಿ. ಕಾಲು ಲೀಟರ್ ತಂಪು ಪಾನೀಯದಲ್ಲಿ ಸುಮಾರು 25 ಗ್ರಾಂ ಸಕ್ಕರೆ ಇರುತ್ತದೆ, ಅಂದರೆ ಐದಾರು ಚಮಚ. ಗುಳೆ ಹೋಗುವ ಕುಟುಂಬಗಳ ಮಕ್ಕಳ ಪಾಡು ಇನ್ನೂ ಕಷ್ಟ. ಬೆಂಗಳೂರು, ಹೈದರಾಬಾದಿನ ಕಟ್ಟಡ ಕೆಲಸದ ಜಾಗದಲ್ಲಿ ಒಲೆ ಹೊತ್ತಿಸಲು ಪುರುಸೊತ್ತಿಲ್ಲದ ತಾಯಿ ಬನ್ನು, ಬಿಸ್ಕೀಟು ಕೊಟ್ಟು ಕೂಸನ್ನು ಸುಮ್ಮನಿರಿಸುತ್ತಾಳೆ. ಅದು ಅವಳ ತಪ್ಪೆಂದು ಯಾರೂ ಹೇಳಬಾರದು. ಊರಿಗೆ ಮರಳುವಾಗ ಮಗು ಆ ರುಚಿಯನ್ನೂ ಜತೆಗೇ ತಂದಿರುತ್ತದೆ.

ಜಗತ್ತೇ ಈ ಕಡೆ ಹೊರಳಿದೆ. ಯುನಿಸೆಫ್ 2025ರಲ್ಲಿ ಕೊಟ್ಟ ವರದಿಯ ಪ್ರಕಾರ 5ರಿಂದ 19 ವರ್ಷದವರಲ್ಲಿ ಬೊಜ್ಜಿನವರು ಶೇ 9.4, ಕಡಿಮೆ ತೂಕದವರು ಶೇ 9.2. ಬೊಜ್ಜಿನವರ ಪ್ರಮಾಣ ಕಡಿಮೆ ತೂಕದವರನ್ನು ದಾಟಿದ್ದು ಇದೇ ಮೊದಲು.

ನಮ್ಮಲ್ಲಿ ಇದನ್ನು ಎದುರಿಸುವ ಸಾಧನ ಹೊಸದಾಗಿ ಹುಡುಕಬೇಕಾಗಿಲ್ಲ. ಶಾಲೆಯ ಬಿಸಿಯೂಟದ ಯೋಜನೆಯಾದ ಅಕ್ಷರ ದಾಸೋಹ 2002ರಲ್ಲಿ ರಾಜ್ಯದಲ್ಲಿ ಮೊದಲು ಒಲೆ ಹಚ್ಚಿದ್ದೇ ರಾಯಚೂರು ಸೇರಿದ ಈ ಭಾಗದ ಏಳು ಜಿಲ್ಲೆಗಳಲ್ಲಿ. ಬಿಸಿಯೂಟಕ್ಕೆ ಮೊಟ್ಟೆ ಬಂದಾಗಲೂ ಹಾಗೆಯೇ. 2021ರ ಡಿಸೆಂಬರಿನಲ್ಲಿ ಈ ಭಾಗದ ಜಿಲ್ಲೆಗಳಲ್ಲೇ ಅದು ಮೊದಲು ಶುರುವಾಯಿತು. ವಿರೋಧ ಎದ್ದಿತು, ಮಕ್ಕಳೇ ಎದ್ದು ನಿಂತು ಮೊಟ್ಟೆ ಬೇಕೆಂದರು. ಈಗ ಅಜೀಂ ಪ್ರೇಮ್‌ಜಿ ಫೌಂಡೇಶನ್ನಿನ ನೆರವಿನಿಂದ ವಾರದ ಆರೂ ದಿನ ಮೊಟ್ಟೆ, ಒಲ್ಲದವರಿಗೆ ಬಾಳೆಹಣ್ಣು. ಮೊದಲು ಶೇಂಗಾ ಚಿಕ್ಕಿಯೂ ಇತ್ತು. ಅದರಲ್ಲಿ ಸಕ್ಕರೆ, ಕೊಬ್ಬು ಹೆಚ್ಚು, ದಾಸ್ತಾನೂ ಸರಿಯಿಲ್ಲ ಎಂಬ ಕಾರಣಕ್ಕೆ 2025ರಲ್ಲಿ ಶಿಕ್ಷಣ ಇಲಾಖೆ ಅದನ್ನು ಕೈಬಿಟ್ಟಿತು. ಶಾಲೆಯ ಊಟ ಹೊಟ್ಟೆ ತುಂಬಿಸಿದರೆ ಸಾಲದು, ಏನನ್ನು ತುಂಬಿಸುತ್ತದೆ ಎಂದೂ ನೋಡಬೇಕು ಎಂಬ ಎಚ್ಚರ ಸರ್ಕಾರಿ ಆದೇಶದಲ್ಲಿ ಕಂಡದ್ದು ಒಳ್ಳೆಯದೇ.

ಆ ಎಚ್ಚರ ಅನ್ನದ ತನಕ ಇನ್ನೂ ಬಂದಿಲ್ಲ. ಪ್ರಾಥಮಿಕ ಶಾಲೆಯ ಮಗುವಿಗೆ ಬಿಸಿಯೂಟದ ಲೆಕ್ಕ ದಿನಕ್ಕೆ 100 ಗ್ರಾಂ ಧಾನ್ಯ, 20 ಗ್ರಾಂ ಬೇಳೆ, 50 ಗ್ರಾಂ ತರಕಾರಿ, 5 ಗ್ರಾಂ ಎಣ್ಣೆ. ಇದರಿಂದ 450 ಕ್ಯಾಲೊರಿ, 12 ಗ್ರಾಂ ಪ್ರೋಟೀನ್ ಸಿಗಬೇಕು. ಆ 450ರಲ್ಲಿ ಸುಮಾರು 350 ಬರುವುದು ಅಕ್ಕಿಯೊಂದರಿಂದಲೇ. ಪಾಲಿಶ್ ಮಾಡಿದ ಅಕ್ಕಿಯ 100 ಗ್ರಾಂನಲ್ಲಿ ನಾರಿನಂಶ ಮೂರು ಗ್ರಾಂಗೂ ಕಡಿಮೆ. ಅಷ್ಟೇ ಜೋಳದಲ್ಲಿ ಸುಮಾರು ಹತ್ತು ಗ್ರಾಂ. ಪ್ರೋಟೀನೂ ಅಕ್ಕಿಗಿಂತ ಹೆಚ್ಚು. ನಾರಿದ್ದರೆ ಹೊಟ್ಟೆ ಬೇಗ ತುಂಬುತ್ತದೆ, ತಡವಾಗಿ ಹಸಿಯುತ್ತದೆ, ಮೂರು ಗಂಟೆಗೆ ಗೇಟಿನಾಚೆಯ ಪ್ಯಾಕೆಟ್ ಅಷ್ಟಾಗಿ ಕರೆಯುವುದಿಲ್ಲ.

ಬಿಳಿ ಜೋಳ, ಸಜ್ಜೆ, ತೊಗರಿ ಈ ಕರಿಮಣ್ಣಿನ ಹೊಲಗಳ ಬೆಳೆ. ತುಂಗಭದ್ರಾ ಎಡದಂಡೆಯ ಕಾಲುವೆ ಬಂದ ಮೇಲೆ ಮಾನ್ವಿ ಕಡೆ ಭತ್ತ ಹಬ್ಬಿತು, ನಾರಾಯಣಪುರ ಬಲದಂಡೆಯ ನೀರು ದೇವದುರ್ಗದ ಹೊಲಗಳ ರೂಪವನ್ನೂ ಬದಲಿಸಿತು. ಪಡಿತರದ ಅಕ್ಕಿ ಸೇರಿ ಎರಡು ಹೊತ್ತೂ ಅನ್ನವೇ ಆಯಿತು. ರೊಟ್ಟಿ, ಪುಂಡಿಪಲ್ಯ, ಶೇಂಗಾ ಹಿಂಡಿಯ ಊಟವನ್ನು ಪಟ್ಟಣದ ಖಾನಾವಳಿಯಲ್ಲಿ ದುಡ್ಡು ಕೊಟ್ಟು ಉಣ್ಣುವವರಿದ್ದಾರೆ. ಜೋಳ ಬೆಳೆದವರ ಮಕ್ಕಳ ತಟ್ಟೆಯಲ್ಲಿ ಮಾತ್ರ ಅನ್ನ, ಸಾಂಬಾರು.

ಮುನ್ನೂರು ಮಕ್ಕಳಿಗೆ ರೊಟ್ಟಿ ಬಡಿಯುವವರು ಯಾರು ಎಂಬ ಪ್ರಶ್ನೆ ನ್ಯಾಯವಾದದ್ದು. ಬಿಸಿಯೂಟದ ಅಡುಗೆಯವರಿಗೆ ಸಿಗುವ ಸಂಭಾವನೆಯಲ್ಲಿ ಅಷ್ಟು ದುಡಿಮೆ ಕೇಳುವುದು ಅನ್ಯಾಯವೂ ಹೌದು. ಆದರೆ ಜೋಳದ ನುಚ್ಚನ್ನು ಅನ್ನದಷ್ಟೇ ಸುಲಭವಾಗಿ ಹಂಡೆಯಲ್ಲಿ ಬೇಯಿಸಬಹುದು. ಮಜ್ಜಿಗೆಯ ಜತೆಗೋ ಬೇಳೆಯ ಸಾರಿನ ಜತೆಗೋ ಅದು ಈ ಸೀಮೆಯ ಮಕ್ಕಳಿಗೆ ಹೊಸದೇನಲ್ಲ. ವಾರಕ್ಕೆ ಎರಡು ದಿನ ಇದು ಬರಲೇಬೇಕೆಂಬುದು ನನ್ನ ಖಚಿತ ಅಭಿಪ್ರಾಯ. ವಾರಕ್ಕೆ ಮೂರು ದಿನ ರಾಗಿ ಮಾಲ್ಟ್ ಕೊಡುವ ವ್ಯವಸ್ಥೆ ರಾಜ್ಯದಲ್ಲಿ 2024ರಲ್ಲಿ ಬಂದಾಗಿದೆ. ರಾಗಿಗೆ ಸಾಧ್ಯವಾದದ್ದು ಜೋಳಕ್ಕೆ ಯಾಕಾಗದು?

ಇನ್ನು ಮೈದಾನ. ವಿಶ್ವ ಆರೋಗ್ಯ ಸಂಸ್ಥೆ ಹೇಳುವಂತೆ 5ರಿಂದ 17 ವರ್ಷದವರು ದಿನಕ್ಕೆ ಸರಾಸರಿ 60 ನಿಮಿಷವಾದರೂ ಬೆವರು ಬರುವಂತೆ ಆಡಬೇಕು, ಓಡಬೇಕು. ಹಳ್ಳಿಯ ಮಕ್ಕಳು ಆಡಿಯೇ ಆಡುತ್ತಾರೆ ಎಂಬ ನಂಬಿಕೆ ಮೊಬೈಲು ಬರುವ ಮುಂಚಿನದು. ಶಾಲೆಯಲ್ಲಿ ಆಟದ ಪೀರಿಯಡ್ಡನ್ನು ಗಣಿತ ನುಂಗುತ್ತದೆ. ವಲಯ ಮಟ್ಟದ ಕ್ರೀಡಾಕೂಟ ಹತ್ತಿರ ಬಂದಾಗ ಮೈದಾನಕ್ಕೆ ಜೀವ ಬರುತ್ತದೆ, ಆದರೆ ಆಗ ಆಡುವವರು ಚುರುಕಾದ ಹತ್ತು ಹನ್ನೆರಡು ಮಂದಿ. ಉಳಿದವರು ಗೆರೆಯಾಚೆ ಕೂತು ಚಪ್ಪಾಳೆ ತಟ್ಟುತ್ತಾರೆ. ಓಡಲಾರದ, ಆಡಲು ನಾಚುವ ಮಗುವಿಗೇ ಆಟ ಹೆಚ್ಚು ಬೇಕಾದದ್ದು. ದೊಡ್ಡ ತರಗತಿಗೆ ಬಂದ ಹೆಣ್ಣುಮಕ್ಕಳನ್ನೂ ಇದೇ ಸಾಲಿಗೆ ಸೇರಿಸಿ. ಲಗೋರಿ, ಕುಂಟೆಬಿಲ್ಲೆ, ಹಗ್ಗದಾಟಕ್ಕೆ ಕಪ್ ಇಲ್ಲ, ಆಯ್ಕೆಯೂ ಇಲ್ಲ, ಎಲ್ಲರೂ ಆಡಬಹುದು. ಬೇಸಿಗೆಯಲ್ಲಿ ರಾಯಚೂರಿನ ಬಿಸಿಲು 40 ಡಿಗ್ರಿ ದಾಟುವುದರಿಂದ ಈ ಆಟಗಳ ಹೊತ್ತು ಪ್ರಾರ್ಥನೆಗೆ ಮುಂಚೆಯೇ ಆಗಬೇಕು.

ಶಾಲೆಗೆ ತಪಾಸಣೆಗೆ ಬರುವ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ (ಆರ್‌ಬಿಎಸ್‌ಕೆ) ತಂಡ ಮಕ್ಕಳ ಎತ್ತರ, ತೂಕ ಬರೆದುಕೊಳ್ಳುತ್ತದೆ. ದೊಡ್ಡವರ ಬಿಎಂಐ ಅಳತೆ ಮಕ್ಕಳಿಗೆ ಹೊಂದದು. ವಯಸ್ಸಿಗೆ ತಕ್ಕ ಬೆಳವಣಿಗೆಯ ಗೆರೆಯ ಮೇಲೆ ಮಗು ವರ್ಷದಿಂದ ವರ್ಷಕ್ಕೆ ಎತ್ತ ಸಾಗುತ್ತಿದೆ ಎಂದು ನೋಡಬೇಕು, ಆ ಮಾತನ್ನು ತಾಯಿಯನ್ನು ಬೇರೆಯಾಗಿ ಕೂರಿಸಿ ಹೇಳಬೇಕು. ತರಗತಿಯಲ್ಲಿ ಗಟ್ಟಿಯಾಗಿ ತೂಕ ಓದಿ ಮಗುವನ್ನು ‘ಡುಮ್ಮ’ ಮಾಡುವುದು ಕ್ರೌರ್ಯ.

ಗೇಟಿನೆದುರಿನ ಅಂಗಡಿಗೂ ಕಾನೂನಿದೆ. ಆಹಾರ ಸುರಕ್ಷತಾ ಪ್ರಾಧಿಕಾರದ 2020ರ ನಿಯಮಗಳ ಪ್ರಕಾರ ಕೊಬ್ಬು, ಉಪ್ಪು, ಸಕ್ಕರೆ ಹೆಚ್ಚಿರುವ ತಿನಿಸನ್ನು ಶಾಲೆಯ ಆವರಣದಲ್ಲಾಗಲಿ, ಗೇಟಿನಿಂದ 50 ಮೀಟರ್ ಒಳಗಾಗಲಿ ಮಕ್ಕಳಿಗೆ ಮಾರುವಂತಿಲ್ಲ. ಅಂಗಡಿಯವನ ಹೊಟ್ಟೆಯ ಮೇಲೆ ಹೊಡೆಯುವ ಅಗತ್ಯವಿಲ್ಲ. ಹುರಿಗಡಲೆ, ಶೇಂಗಾ, ಪೇರಲ, ಬಾಳೆಹಣ್ಣು ಇಟ್ಟರೂ ಮಕ್ಕಳು ಅವನ ಬಳಿಯೇ ಬರುತ್ತಾರೆ.

ಗಬ್ಬೂರು, ದೇವದುರ್ಗ, ಮಾನ್ವಿ ಸೀಮೆಯ ತಂದೆತಾಯಂದಿರಲ್ಲಿ ನನ್ನದೊಂದು ಕೋರಿಕೆ. ಶಾಲಾಭಿವೃದ್ಧಿ ಸಮಿತಿಯ (ಎಸ್‌ಡಿಎಂಸಿ) ಮುಂದಿನ ಸಭೆಗೆ ತಪ್ಪದೆ ಹೋಗಿ. ತಟ್ಟೆಗೆ ಜೋಳ ಯಾವಾಗ ಬರುತ್ತದೆ, ಆಟದ ಪೀರಿಯಡ್ ದಿನವೂ ನಡೆಯುತ್ತದೆಯೇ, ಗೇಟಿನ 50 ಮೀಟರ್ ಒಳಗೆ ಏನು ಮಾರಾಟವಾಗುತ್ತಿದೆ ಎಂದು ಕೇಳಿ, ಉತ್ತರವನ್ನು ನಡಾವಳಿ ಪುಸ್ತಕದಲ್ಲಿ ಬರೆಸಿ.