ಹಳೆಯ ಅಂಬಾಸಿಡರ್: ಮೂಲರೂಪವೋ, ಮಾರ್ಪಾಟೋ?

ಪ್ರಶ್ನೆ: ಹಲಸೂರಿನ ನಮ್ಮ ಮನೆಯಲ್ಲಿ ತಾತನವರ 1968ರ ಅಂಬಾಸಿಡರ್ ಮೂಲಸ್ಥಿತಿಯಲ್ಲೇ ಇದೆ. ಹೊಸ ಎಂಜಿನ್ ಹಾಕಿಸಬಹುದೇ?

ಉತ್ತರ: ಬೇಡವೆಂಬುದೇ ನನ್ನ ದೃಢವಾದ ಅಭಿಪ್ರಾಯ. ಕೇಂದ್ರ ಸರ್ಕಾರದ 2021ರ ನಿಯಮಗಳಂತೆ, ಪ್ರಥಮ ನೋಂದಣಿಯಾಗಿ 50 ವರ್ಷ ಕಳೆದು, ಚಾಸಿ, ಬಾಡಿ, ಎಂಜಿನ್‌ಗಳಲ್ಲಿ ಗಣನೀಯ ಮಾರ್ಪಾಟನ್ನು ಹೊಂದದೆ ಮೂಲಸ್ವರೂಪದಲ್ಲಿಯೇ ಸುರಕ್ಷಿತವಾಗಿರುವ ವಾಹನಕ್ಕೆ ಮಾತ್ರವೇ ‘ವಿಂಟೇಜ್’ ಎಂಬ ಮಾನ್ಯತೆ ಲಭಿಸುವುದರಿಂದ, ಎಂಜಿನ್ ಬದಲಾಯಿಸಿದರೆ ಆ ಅರ್ಹತೆಗೇ ಚ್ಯುತಿ ಬರುವುದು. ಮಾಸಿದ್ದರೂ ಸರಿಯೇ, ಕಾರ್ಖಾನೆಯ ಮೂಲ ಬಣ್ಣವನ್ನು ಒಮ್ಮೆ ಉಜ್ಜಿ ತೆಗೆದರೆ ಅದು ಮರಳಿ ಬಾರದು. ಆದರೆ ಬ್ರೇಕಿನ ರಬ್ಬರು, ಟೈರು, ವೈರಿಂಗುಗಳು ಕಾಲಕ್ರಮದಲ್ಲಿ ಶಿಥಿಲವಾಗತಕ್ಕ ವಸ್ತುಗಳಾದ ಕಾರಣ, ಪ್ರಾಣರಕ್ಷಣೆಯ ದೃಷ್ಟಿಯಿಂದ ಅವುಗಳನ್ನು ನಿಸ್ಸಂಕೋಚವಾಗಿ ಬದಲಿಸಿರಿ. ಕಳಚಿದ ಲೋಹದ ಭಾಗಗಳನ್ನು ಮಾತ್ರ ಎಸೆಯಬೇಡಿರಿ. ಅಂಬಾಸಿಡರ್ ತಯಾರಿಕೆಯೇ 2014ರಲ್ಲಿ ನಿಂತಿರುವುದರಿಂದ, ಶಿವಾಜಿನಗರದ ಗುಜರಿ ಅಂಗಡಿಗಳಲ್ಲಿ ಅಂಥವನ್ನೇ ಅರಸಬೇಕಾದೀತು.