ದನ ಜೊಲ್ಲು ಸುರಿಸ್ತಿದ್ಯಾ? ಬಾಯಿಗೆ ಕೈ ಹಾಕೋ ಮುಂಚೆ ಇದನ್ನ ಓದಿ

ಹಸು ಬೆಳಗ್ಗೆಯಿಂದ ಮೇವು ಮುಟ್ಟಿಲ್ಲ, ಬಾಯಿಂದ ದಾರದ ಹಾಗೆ ಜೊಲ್ಲು ಇಳೀತಿದೆ. ಇಂಥ ಹೊತ್ತಲ್ಲಿ ಹಳ್ಳಿ ಕಡೆ ಮೊದಲು ಮಾಡೋ ಕೆಲಸ ಅಂದ್ರೆ, ಗಂಟಲಲ್ಲಿ ಏನೋ ಸಿಕ್ಕಿಕೊಂಡಿದೆ ಅಂತ ಬಾಯಿ ಅಗಲಿಸಿ ಬರಿಗೈ ಹಾಕೋದು. ಇಲ್ಲದಿದ್ರೆ 'ಕಾಲುಬಾಯಿ ಜ್ವರ ಇರಬೇಕು' ಅಂತ ನಾವೇ ತೀರ್ಮಾನ ಮಾಡಿ ಔಷಧಿ ಹಚ್ಚೋದು. ಆದರೆ ಇದೇ ಜೊಲ್ಲು ರೇಬಿಸ್‌ನ ಲಕ್ಷಣವೂ ಹೌದು. ಕಾಲುಬಾಯಿ ಜ್ವರ ಬಂದ ದನ ಸಾಮಾನ್ಯವಾಗಿ ಉಳಿಯುತ್ತೆ. ರೇಬಿಸ್ ಆದ್ರೆ ದನವೂ ಉಳಿಯಲ್ಲ, ಕೈ ಹಾಕಿದವರ ಜೀವಕ್ಕೂ ಕುತ್ತು.

ಎರಡಕ್ಕೂ ವ್ಯತ್ಯಾಸ ಏನು?

ಕಾಲುಬಾಯಿ ಜ್ವರದಲ್ಲಿ ಜೋರು ಜ್ವರ ಬರುತ್ತೆ. ನಾಲಿಗೆ, ವಸಡು, ಗೊರಸಿನ ಸಂದು, ಕೆಚ್ಚಲ ಮೇಲೆ ನೀರ್ಗುಳ್ಳೆ ಏಳುತ್ತೆ. ಗುಳ್ಳೆ ಒಡೆದು ಹುಣ್ಣಾದಾಗ ನೋವಿಗೆ ದನ ಚಪ್ಪರಿಸುತ್ತೆ, ಜೊಲ್ಲು ಸುರಿಸುತ್ತೆ, ಕುಂಟುತ್ತೆ. ಹಾಲು ದಿಢೀರ್ ಇಳಿಯುತ್ತೆ. ವೈರಸ್ ಎಳೆ ಕರುಗಳ ಹೃದಯಕ್ಕೆ ಹೊಡೆಯೋದ್ರಿಂದ ಅವು ಸಾಯೋದೂ ಉಂಟು. ಇದು ಒಂದು ದನಕ್ಕೆ ನಿಲ್ಲೋ ರೋಗ ಅಲ್ಲ. ಮೇವು, ನೀರು, ಗಾಳಿ, ನಮ್ಮ ಚಪ್ಪಲಿ ಮೂಲಕವೂ ಹರಡಿ ಕೆಲವೇ ದಿನದಲ್ಲಿ ಅಕ್ಕಪಕ್ಕದ ಕೊಟ್ಟಿಗೆಗೂ ಹಬ್ಬುತ್ತೆ.

ರೇಬಿಸ್ ಹಾಗಲ್ಲ. ಸಾಮಾನ್ಯವಾಗಿ ಹುಚ್ಚುನಾಯಿ ಕಚ್ಚಿದ ದನಕ್ಕೆ ಬರುತ್ತೆ, ಅದೂ ಕಚ್ಚಿ ಕೆಲವು ವಾರ, ಕೆಲವೊಮ್ಮೆ ತಿಂಗಳುಗಳ ಮೇಲೆ. ಅಷ್ಟರಲ್ಲಿ ಗಾಯ ಮಾಗಿ, ನಾಯಿ ಕಚ್ಚಿದ್ದೇ ಮರೆತು ಹೋಗಿರುತ್ತೆ. ಇಲ್ಲಿ ಗುಳ್ಳೆ ಇರಲ್ಲ. ಗಂಟಲಿನ ಸ್ನಾಯು ಸೋತು ನುಂಗೋಕೆ ಆಗದೆ ಜೊಲ್ಲು ಸುರಿಯುತ್ತೆ. ಒಡೆದ ದನಿಯಲ್ಲಿ ಮೇಲಿಂದ ಮೇಲೆ ಕೂಗೋದು, ಕಂಬಕ್ಕೆ ಗುದ್ದೋದು, ಹಾಯೋಕೆ ಬರೋದು, ಹಿಂಗಾಲು ತಡವರಿಸೋದು ಇದರ ಲಕ್ಷಣ. ಕೆಲವು ದನ ಗಲಾಟೆನೇ ಮಾಡದೆ ಮಂಕಾಗಿ ನಿಂತುಬಿಡುತ್ತೆ. ಮೋಸ ಹೋಗೋದು ಇಲ್ಲೇ. ಲಕ್ಷಣ ಶುರುವಾದ ಮೇಲೆ ಚಿಕಿತ್ಸೆ ಇಲ್ಲ, ಸುಮಾರು ಹತ್ತು ದಿನದೊಳಗೆ ಸಾವು.

ಗುಳ್ಳೆ ಇದೆಯಾ ಅಂತ ನೋಡೋಕೂ ನೀವು ಬಾಯಿ ತೆರೆಸಬೇಡಿ. ಆ ಕೆಲಸ ಗ್ಲೌಸ್ ಹಾಕಿದ ಪಶುವೈದ್ಯರದ್ದು. ದನವನ್ನ ಬೇರೆ ಕಟ್ಟಿ, ಹತ್ತಿರದ ಪಶು ಆಸ್ಪತ್ರೆಗೆ ಅಥವಾ ಸಂಚಾರಿ ಪಶು ಚಿಕಿತ್ಸಾ ವಾಹನದ 1962 ನಂಬರ್‌ಗೆ ಫೋನ್ ಮಾಡಿ.

ಈಗಾಗಲೇ ಕೈ ಹಾಕಿದ್ರೆ?

ಗಾಯ ಇಲ್ಲದ ಚರ್ಮಕ್ಕೆ ಜೊಲ್ಲು ತಾಗಿದ್ರೆ ರೇಬಿಸ್ ಬರಲ್ಲ. ಆದರೆ ಹುಲ್ಲು ಕೊಯ್ಯೋ ಕೈಯಲ್ಲಿ ಗೀರು, ಸೀಳು ಇಲ್ಲದೆ ಇರುತ್ತಾ? ತಕ್ಷಣ ಸೋಪು ಹಚ್ಚಿ ಹರಿಯೋ ನೀರಲ್ಲಿ 15 ನಿಮಿಷ ತೊಳೀರಿ. ಸುಣ್ಣ, ಅರಿಶಿನ, ಖಾರದಪುಡಿ ಹಚ್ಚಬೇಡಿ. ಅದೇ ದಿನ ಸರ್ಕಾರಿ ಆಸ್ಪತ್ರೆಗೆ ಹೋಗಿ, ಜೊಲ್ಲು ಗಾಯಕ್ಕೆ, ಕಣ್ಣಿಗೆ ಅಥವಾ ಬಾಯಿಗೆ ತಾಗಿದ್ರೆ ಬಿಚ್ಚಿ ಹೇಳಿ. ಅಂಥವರಿಗೆ ಲಸಿಕೆ ಜೊತೆ ಇಮ್ಯುನೊಗ್ಲಾಬ್ಯುಲಿನ್ ಕೂಡ ಬೇಕಾಗುತ್ತೆ. ಮೊದಲ ಇಂಜೆಕ್ಷನ್ ತಗೊಂಡು ಸುಮ್ಮನಾಗಬೇಡಿ, ಡಾಕ್ಟರ್ ಬರೆದುಕೊಟ್ಟ ಎಲ್ಲಾ ತಾರೀಖಿಗೂ ಹೋಗಿ. ರೋಗದ ಲಕ್ಷಣ ಕಾಣೋವರೆಗೆ ಕಾದ್ರೆ ಯಾವ ಲಸಿಕೆಯೂ ಕೆಲಸ ಮಾಡಲ್ಲ.

ಅನುಮಾನ ಇರೋ ದನದ ಹಾಲನ್ನ ಡೈರಿಗೆ ಹಾಕಬೇಡಿ, ಹೋಟೆಲಿಗೆ ಕೊಡಬೇಡಿ. ಕಾಯಿಸಿದ್ರೆ ವೈರಸ್ ಸಾಯುತ್ತೆ, ಹಾಗಾಗಿ ಈಗಾಗಲೇ ಕಾಯಿಸಿದ ಹಾಲು ಕುಡಿದವರು ಗಾಬರಿ ಆಗೋದು ಬೇಡ. ಹಸಿ ಹಾಲು ಕುಡಿದಿದ್ರೆ ಡಾಕ್ಟರಿಗೆ ತಿಳಿಸಿ.

ಪೇಟೆಯವರಿಗೂ ಒಂದು ಮಾತು

ಅಂಗಡಿ ಮುಂದೆ ಬರೋ ಬೀಡಾಡಿ ದನಕ್ಕೆ ಬಾಳೆಹಣ್ಣು ಬಾಯಿಗೇ ಇಡೋ ಅಭ್ಯಾಸ ಬಹಳ ಜನಕ್ಕಿದೆ. ಬೀದಿನಾಯಿ ಕಚ್ಚಿದ್ರೂ ಅದನ್ನ ಗಮನಿಸೋಕೆ ಆ ದನಕ್ಕೆ ಮನೆಯವರಿಲ್ಲ. ಜೊಲ್ಲು ಸುರಿಸೋ ದನಕ್ಕೆ ಕೈಯಾರೆ ತಿನ್ನಿಸಬೇಡಿ.

ಕಾಲುಬಾಯಿ ಜ್ವರ ಮನುಷ್ಯರಿಗೆ ಬರೋದು ತೀರಾ ಅಪರೂಪ. ಮಕ್ಕಳಿಗೆ ಬರೋ ಕೈ-ಕಾಲು-ಬಾಯಿ ರೋಗದ ವೈರಸ್ಸೇ ಬೇರೆ. ಆದರೆ ದನಕ್ಕೆ ಇದು ಬಂತು ಅಂದ್ರೆ ಸಂತೆಗೆ ಹೊಡೆಯಬೇಡಿ. ಕೊಟ್ಟಿಗೆ ತೊಳೆಯೋಕೆ 10 ಲೀಟರ್ ನೀರಿಗೆ 400 ಗ್ರಾಂ ವಾಷಿಂಗ್ ಸೋಡಾ ಸಾಕು. ಕೇಳೋಕೆ ಬಂದವರಿಗೆ ಅಂಗಡಿಯವರು ಅಡುಗೆ ಸೋಡಾ ಕೊಡಬೇಡಿ, ಅದು ಇದಕ್ಕೆ ಆಗಲ್ಲ.

ತಡೆಯೋದು ಹೇಗೆ?

ಕಾಲುಬಾಯಿ ಲಸಿಕೆಯನ್ನ ಆರು ತಿಂಗಳಿಗೊಮ್ಮೆ ಉಚಿತವಾಗಿ ಹಾಕ್ತಾರೆ. 2019ರಿಂದ ಇದು ದೇಶದಾದ್ಯಂತ ನಡೀತಿರೋ ಕಾರ್ಯಕ್ರಮ. ಎರಡು ದಿನ ಹಾಲು ಕಮ್ಮಿ ಆಗುತ್ತೆ ಅಂತ ಲಸಿಕೆಯವರನ್ನ ವಾಪಸ್ ಕಳಿಸಿದ್ರೆ, ರೋಗ ಬಂದಾಗ ಆ ಸೂಲಿನ ಹಾಲೇ ಹೋಗುತ್ತೆ. ಇನ್ನು ದನಕ್ಕೆ ನಾಯಿ ಕಚ್ಚಿದ್ದು ಕಂಡ ದಿನವೇ ಗಾಯ ಸೋಪಲ್ಲಿ ತೊಳೆದು ಪಶು ಆಸ್ಪತ್ರೆಗೆ ತಿಳಿಸಿ. ಮನುಷ್ಯರ ಹಾಗೇ ದನಕ್ಕೂ ಕಚ್ಚಿದ ಮೇಲೆ ಹಾಕೋ ಲಸಿಕೆ ಇದೆ. ಮನೆ ನಾಯಿಗೆ ವರ್ಷಕ್ಕೊಮ್ಮೆ ರೇಬಿಸ್ ಲಸಿಕೆ ಹಾಕಿಸಿದ್ರೆ ಕೊಟ್ಟಿಗೆಯ ದನಕ್ಕೂ ಮನೆಯವರಿಗೂ ಅದೇ ಕಾವಲು.