ಮೋಟಾರು ಸೈಕಲ್ಲಿನ ಅಪಘಾತವೂ ಗೃಹಸ್ಥರ ಹಕ್ಕೂ

ಇಲ್ಲದುದನ್ನು ಪಡೆಯುವುದು ಯೋಗ, ಪಡೆದುದನ್ನು ಕಾಪಾಡಿಕೊಳ್ಳುವುದು ಕ್ಷೇಮ ಎಂದು ಪಂಡಿತರು ಅರ್ಥ ಹೇಳುವರು. ಮೂಗೂರಿನಂತಹ ಗ್ರಾಮಗಳಲ್ಲಿ ಮೋಟಾರು ಸೈಕಲ್ಲಿನ ಯೋಗವು ಈಗ ಬಹುಮಂದಿಗೆ ಒದಗಿದೆ. ಕ್ಷೇಮದ ಚಿಂತೆಯು ಮಾತ್ರ ಅಷ್ಟಾಗಿ ಒದಗಿಲ್ಲ. 2022ರಲ್ಲಿ ಭಾರತದ ರಸ್ತೆಗಳಲ್ಲಿ ಮಡಿದ 1,68,491 ಮಂದಿಯ ಪೈಕಿ 74,897 ಮಂದಿ ದ್ವಿಚಕ್ರ ವಾಹನಗಳಲ್ಲಿ ಹೋಗುತ್ತಿದ್ದವರು. ಅದೇ ವರ್ಷ ಹೆಲ್ಮೆಟ್ಟು ಧರಿಸದೆ ಪ್ರಾಣ ನೀಗಿದವರು 50,029 ಮಂದಿ.

ಅತಿವೇಗ, ಮದ್ಯಪಾನ, ಒಂದೇ ವಾಹನದ ಮೇಲೆ ಮೂವರ ಸವಾರಿ, ಇವು ಎಲ್ಲೆಡೆಯೂ ಇರುವ ಕಾರಣಗಳು. ನಮ್ಮ ಸೀಮೆಯಲ್ಲಿ ಇವುಗಳ ಜೊತೆಗೆ, ಹಿಂದೀಪವಿಲ್ಲದೆ ಕತ್ತಲಲ್ಲಿ ನಿಂತ ಕಬ್ಬಿನ ಟ್ರ್ಯಾಕ್ಟರನ್ನೂ, ಒಕ್ಕಣೆಗೆಂದು ರಸ್ತೆಯ ಮೇಲೆ ಹರಡಿದ ಹುರುಳಿಯನ್ನೂ, ಚಕ್ರಕ್ಕೆ ಸಿಕ್ಕುವ ಸೀರೆಯ ಸೆರಗನ್ನೂ ಹೇಳಬೇಕು.

ಬಿದ್ದವನು ಎದ್ದು ಕುಳಿತು ಮಾತನಾಡಿದ ಮಾತ್ರಕ್ಕೆ ಅಪಾಯ ಕಳೆಯಿತೆಂದು ತಿಳಿಯಕೂಡದು. ತಲೆಯೊಳಗಣ ರಕ್ತಸ್ರಾವವು ಕೆಲವು ಗಂಟೆಗಳ ತರುವಾಯ ಪ್ರಜ್ಞೆ ತಪ್ಪಿಸಬಹುದು. ಬೆನ್ನೆಲುಬಿಗೆ ಪೆಟ್ಟಾಗಿದ್ದವನನ್ನು ಕೈಕಾಲು ಹಿಡಿದು ಎತ್ತಿದರೆ ಜನ್ಮವಿಡೀ ಅಂಗವೈಕಲ್ಯ ಉಂಟಾಗಬಹುದು. ಆದುದರಿಂದ ತತ್‌ಕ್ಷಣ 108ಕ್ಕೆ ಕರೆಮಾಡತಕ್ಕದ್ದು. ಸದ್ಭಾವದಿಂದ ನೆರವಾದವರನ್ನು ಕಾಯಿದೆಯೇ ರಕ್ಷಿಸುತ್ತದೆ. 2025ರ ಕೇಂದ್ರ ಯೋಜನೆಯಂತೆ ಗಾಯಾಳುವಿಗೆ ಗೊತ್ತುಪಡಿಸಿದ ಆಸ್ಪತ್ರೆಗಳಲ್ಲಿ 7 ದಿನಗಳವರೆಗೆ, 1.5 ಲಕ್ಷ ರೂಪಾಯಿಗಳ ಮಿತಿಯಲ್ಲಿ, ಹಣ ಕಟ್ಟದೆ ಚಿಕಿತ್ಸೆ ದೊರೆಯತಕ್ಕದ್ದು.

ಇನ್ನು ಪರಿಹಾರದ ವಿಚಾರ. ಹಳ್ಳಿಗಳಲ್ಲಿ ಹಿರಿಯರು ನಡುವೆ ಬಂದು, ಪೊಲೀಸರ ಗೋಜೇಕೆಂದು, ಐವತ್ತು ಸಾವಿರಕ್ಕೆ ರಾಜಿ ಮಾಡಿಸುವುದುಂಟು. ಇದು ಶಾಂತಿಯಂತೆ ತೋರಿದರೂ ಅನಾಥ ಸಂಸಾರಕ್ಕೆ ಅನ್ಯಾಯವೇ ಸರಿ. ಒಂದು ಉದಾಹರಣೆಯನ್ನು ನೋಡೋಣ. ತಿಂಗಳಿಗೆ 12,000 ರೂಪಾಯಿ ದುಡಿಯುವ, 30 ವಯಸ್ಸಿನ ಗಾರೆ ಕೆಲಸದವನೊಬ್ಬನು ಅನ್ಯರ ಅಜಾಗರೂಕತೆಯಿಂದ ಮೃತನಾದನೆನ್ನಿ. ಅವನನ್ನು ನಂಬಿದವರು ಹೆಂಡತಿ, ಇಬ್ಬರು ಮಕ್ಕಳು, ತಾಯಿ. ಸುಪ್ರೀಂ ಕೋರ್ಟು 2009 ಮತ್ತು 2017ರಲ್ಲಿ ನಿಗದಿಪಡಿಸಿದ ಕ್ರಮದಂತೆ ಮುಂದಿನ ಏಳಿಗೆಗಾಗಿ ಆದಾಯಕ್ಕೆ ಶೇಕಡ 40 ಕೂಡಿಸಿ, ಮೃತನ ಸ್ವಂತ ಖರ್ಚಿಗಾಗಿ ನಾಲ್ಕನೆಯ ಒಂದು ಭಾಗ ಕಳೆದು, ವರ್ಷದ ಮೊತ್ತವನ್ನು 17ರಿಂದ ಗುಣಿಸಿದರೆ 25,70,400 ರೂಪಾಯಿಗಳಾಗುವುವು. ಐವತ್ತು ಸಾವಿರವೆಲ್ಲಿ, ಇದೆಲ್ಲಿ! ಸಂಬಳವಿಲ್ಲದ ಗೃಹಿಣಿಯ ದುಡಿಮೆಗೂ ಬೆಲೆ ಕಟ್ಟಬೇಕೆಂದು ಅದೇ ನ್ಯಾಯಾಲಯವು 2021ರಲ್ಲಿ ಸ್ಪಷ್ಟಪಡಿಸಿದೆ.

ತಪ್ಪು ಯಾರದೆಂದು ಸಾಧಿಸಲಾಗದಿದ್ದರೂ, 2019ರ ತಿದ್ದುಪಡಿಯಂತೆ ಮರಣಕ್ಕೆ 5 ಲಕ್ಷ, ತೀವ್ರ ಗಾಯಕ್ಕೆ 2.5 ಲಕ್ಷ ಕೇಳಬಹುದು. ಗುದ್ದಿದ ವಾಹನವು ಪತ್ತೆಯಾಗದಿದ್ದರೆ ಕ್ರಮವಾಗಿ 2 ಲಕ್ಷ ಮತ್ತು 50,000 ರೂಪಾಯಿಗಳು ಸಲ್ಲತಕ್ಕವು. ಅಪಘಾತವಾದ ಸ್ಥಳದ ಅಥವಾ ಅರ್ಜಿದಾರನು ವಾಸಿಸುವ ಸ್ಥಳದ ಮೋಟಾರು ಅಪಘಾತ ಪರಿಹಾರ ನ್ಯಾಯಮಂಡಲಿಗೆ ಅರ್ಜಿ ಸಲ್ಲಿಸಬಹುದು. ಆರು ತಿಂಗಳೊಳಗೆ ಸಲ್ಲಿಸಬೇಕೆಂದು ಕಾಯಿದೆಯು ಹೇಳುವುದರಿಂದ, ಉತ್ತರಕ್ರಿಯೆಗಳು ಮುಗಿದೊಡನೆ ವಕೀಲರನ್ನು ಕಾಣುವುದು ಲೇಸು. ಪೊಲೀಸರ ಪ್ರಥಮ ವರ್ತಮಾನ ವರದಿ, ಸ್ಥಳದ ಮಹಜರು, ಗಾಯದ ದೃಢೀಕರಣ ಪತ್ರ, ಔಷಧಿಯ ರಸೀದಿಗಳು, ಆದಾಯಕ್ಕೆ ಆಧಾರವಾದ ಕಾಗದ, ಇವುಗಳಲ್ಲಿ ಒಂದನ್ನೂ ಕಳೆಯಕೂಡದು.

ಗೃಹಸ್ಥರು ಇಂದೇ ನೋಡಿಕೊಳ್ಳಬೇಕಾದದ್ದೂ ಒಂದುಂಟು. ಅಲ್ಪ ಹಣದಲ್ಲಿ ಕೊಳ್ಳುವ ಕೇವಲ ಕಾಯಿದೆ ಮಟ್ಟದ ವಿಮೆಯು ದಾರಿಹೋಕರಿಗಾದ ಹಾನಿಯನ್ನು ಭರಿಸುವುದೇ ಹೊರತು, ನಿಮ್ಮದೇ ತಪ್ಪಿನಿಂದ ವಾಹನ ಉರುಳಿದರೆ ಹಿಂದೆ ಕುಳಿತ ನಿಮ್ಮ ಪತ್ನಿಗೆ ಸಾಮಾನ್ಯವಾಗಿ ಒದಗುವುದಿಲ್ಲ. ಸಮಗ್ರ ವಿಮೆಯಲ್ಲಿ ಆ ರಕ್ಷಣೆಯುಂಟು. ವಿಮೆಯ ಅವಧಿ ಮೀರಿದ್ದರಂತೂ, ನೀವು ಗುದ್ದಿದವನ ಪರಿಹಾರವು ನಿಮ್ಮ ಹೊಲಮನೆಯ ಮೇಲೆಯೇ ಬೀಳಬಹುದು. ಪರವಾನಗಿಯಿಲ್ಲದ ಬಾಲಕನಿಗೆ ವಾಹನವನ್ನು ಕೊಟ್ಟು ಅವನು ಅಪರಾಧವೆಸಗಿದರೆ, ಪೋಷಕನಿಗೆ 25,000 ರೂಪಾಯಿ ದಂಡವೂ ಮೂರು ವರ್ಷಗಳವರೆಗೆ ಸೆರೆವಾಸವೂ ವಿಧಿಸಲ್ಪಡಬಹುದು. ಆದಕಾರಣ ಈ ಸಂಜೆಯೇ ಪೆಟ್ಟಿಗೆಯಿಂದ ವಿಮೆಯ ಪತ್ರವನ್ನು ತೆಗೆದು, ಅದರ ಕೊನೆಯ ದಿನಾಂಕವನ್ನೂ ಹಿಂದೆ ಕೂರುವವರಿಗೆ ರಕ್ಷಣೆಯುಂಟೇ ಎಂಬುದನ್ನೂ ಮನೆಯವರೆಲ್ಲರೂ ಕೂಡಿ ಓದಿಕೊಳ್ಳಬೇಕು.